ಕ್ಯಾಪಿಬರಾ ಗಬ್ಬ ನಿಲ್ಲದಿದ್ದರೆ ಮೊದಲು ಗೋದಲಿಯನ್ನು ನೋಡಿ

ಪ್ರಶ್ನೆ: ನಾನು ವಿದೇಶದ ಒಂದು ಚಿಕ್ಕ ಮೃಗಾಲಯದಲ್ಲಿ ಪ್ರಾಣಿಪಾಲಕನಾಗಿದ್ದೇನೆ. ನಮ್ಮಲ್ಲಿ ದಕ್ಷಿಣ ಅಮೆರಿಕದ ದೊಡ್ಡ ದಂಶಕ ಪ್ರಾಣಿಯಾದ ಕ್ಯಾಪಿಬರಾಗಳಿವೆ, ಒಂದು ಗಂಡು ಹಾಗೂ ನಾಲ್ಕು ಹೆಣ್ಣು. ಎರಡು ವರ್ಷಗಳಿಂದ ಅವು ಕೂಡುವುದನ್ನು ಕಾಣುತ್ತಿದ್ದೇವೆ, ಮರಿ ಮಾತ್ರ ಒಂದೂ ಆಗಿಲ್ಲ. ಮೊಲಗಳಿಗೆಂದು ತರಿಸುವ ಗುಳಿಗೆ ಮೇವು, ಒಣಹುಲ್ಲು, ಸ್ವಲ್ಪ ಬ್ರೆಡ್ಡು ಮತ್ತು ಕ್ಯಾರೆಟ್ ಕೊಡುತ್ತೇವೆ. ಕಳೆದ ತಿಂಗಳು ಒಂದು ಹೆಣ್ಣಿನ ಹಿಂಭಾಗದಲ್ಲಿ ರಕ್ತದ ಕಲೆ ಕಂಡಿತು. ಇವುಗಳ ಆಹಾರಕ್ಕೂ ಸಂತಾನಕ್ಕೂ ಸಂಬಂಧವಿದೆಯೇ? ಗಬ್ಬ ನಿಲ್ಲಲು ಯಾವುದಾದರೂ ಟಾನಿಕ್ ಕೊಡಬಹುದೇ?

ಉತ್ತರ: ಸಂಬಂಧ ಖಂಡಿತವಾಗಿ ಇದೆ, ಮತ್ತು ನಿಮ್ಮ ಪತ್ರದಲ್ಲಿಯೇ ಅದರ ಸುಳಿವೂ ಇದೆ. ಕೂಡುವಿಕೆ ನಡೆಯುತ್ತಿದೆ, ಮರಿಗಳಾಗುತ್ತಿಲ್ಲ, ಒಮ್ಮೆ ರಕ್ತದ ಕಲೆ ಕಂಡಿದೆ, ಮೇವು ಮೊಲಗಳದ್ದು ಎಂಬ ನಾಲ್ಕು ಸಂಗತಿಗಳನ್ನು ಜೊತೆಯಲ್ಲಿಟ್ಟು ನೋಡಿದಾಗ, ನಿಮ್ಮ ಹೆಣ್ಣುಗಳು ಬಂಜೆಯಾಗಿವೆ ಎನ್ನುವುದಕ್ಕಿಂತ, ಗಬ್ಬ ಕಟ್ಟಿಯೂ ಆರಂಭದಲ್ಲೇ ಕಳೆದುಕೊಳ್ಳುತ್ತಿವೆ ಎಂಬ ಅನುಮಾನವೇ ನನಗೆ ಬಲವಾಗಿ ಬರುತ್ತದೆ. ಟಾನಿಕ್ಕಿನ ವಿಚಾರವನ್ನು ಸದ್ಯಕ್ಕೆ ಪಕ್ಕಕ್ಕಿಡಿ. ಮೊದಲು ವಿಟಮಿನ್ ‘ಸಿ’ ಕುರಿತು ಹೇಳಬೇಕು.

ಮೊಲ ತನಗೆ ಬೇಕಾದ ವಿಟಮಿನ್ ‘ಸಿ’ಯನ್ನು ತನ್ನ ಯಕೃತ್ತಿನಲ್ಲಿ ತಾನೇ ತಯಾರಿಸಿಕೊಳ್ಳುತ್ತದೆ. ದನ, ಕುರಿ, ಕುದುರೆ, ನಾಯಿಗಳೂ ಹಾಗೆಯೇ. ಆದ್ದರಿಂದ ಮೊಲದ ಮೇವನ್ನು ತಯಾರಿಸುವವರು ಅದಕ್ಕೆ ಈ ವಿಟಮಿನ್ನನ್ನು ಸೇರಿಸುವ ಅಗತ್ಯ ಸಾಮಾನ್ಯವಾಗಿ ಇರುವುದಿಲ್ಲ. ಕ್ಯಾಪಿಬರಾಗೆ ಆ ಶಕ್ತಿ ಇಲ್ಲ. ಅದು ಗಿನಿಪಿಗ್‌ನ ಹತ್ತಿರದ ಬಂಧು. ಇಂದಿನ ವರ್ಗೀಕರಣದಲ್ಲಿ ಎರಡೂ ಕೇವಿಡೇ ಎಂಬ ಒಂದೇ ಕುಟುಂಬಕ್ಕೆ ಸೇರಿವೆ. ಗ್ಲೂಕೋಸಿನಿಂದ ವಿಟಮಿನ್ ‘ಸಿ’ ತಯಾರಾಗುವ ಸರಣಿಯಲ್ಲಿ ಕೊನೆಯ ಹೆಜ್ಜೆಗೆ ಬೇಕಾದ ಕಿಣ್ವ ಮನುಷ್ಯರಲ್ಲಿ ಇಲ್ಲದಿರುವಂತೆ ಗಿನಿಪಿಗ್‌ನಲ್ಲೂ ಇಲ್ಲ. ನಾರ್ವೆಯ ಆಕ್ಸೆಲ್ ಹೋಲ್ಸ್ಟ್ ಮತ್ತು ಥಿಯೋಡೋರ್ ಫ್ರೋಲಿಕ್ ಎಂಬ ವಿಜ್ಞಾನಿಗಳು 1907ರಲ್ಲಿ ಗಿನಿಪಿಗ್‌ಗಳಿಗೆ ಬರೀ ಧಾನ್ಯ ತಿನ್ನಿಸಿ, ಅವುಗಳಲ್ಲಿ ನಾವಿಕರನ್ನು ಕಾಡುತ್ತಿದ್ದ ಸ್ಕರ್ವಿ ರೋಗವನ್ನೇ ಕಂಡರು. ಆ ಚಿಕ್ಕ ಪ್ರಾಣಿಯಲ್ಲಿ ಅಂದು ಕಂಡ ಕೊರತೆಯೇ ಐವತ್ತು ಕಿಲೋ ತೂಗುವ ಅದರ ದೊಡ್ಡ ಬಂಧುವನ್ನೂ ಕಾಡಬಲ್ಲದು ಎಂಬುದು, ಕ್ಯಾಪಿಬರಾಗಳನ್ನು ಕಟ್ಟಿ ಸಾಕತೊಡಗಿದ ಮೇಲೆ ಗೋಚರವಾಯಿತು.

ಇದಕ್ಕೆ ಸ್ಪಷ್ಟವಾದ ಪುರಾವೆ ಬಂದದ್ದು ಅರ್ಜೆಂಟೀನಾದಿಂದ. ಅಲ್ಲಿ ಕಾರ್ಪಿಂಚೊ ಎಂದು ಕರೆಸಿಕೊಳ್ಳುವ ಈ ಪ್ರಾಣಿಯನ್ನು ಮಾಂಸಕ್ಕಾಗಿ ಮತ್ತು ಚರ್ಮಕ್ಕಾಗಿ ಸಾಕುವ ಕೇಂದ್ರಗಳಿವೆ. 2000ರಲ್ಲಿ ಪ್ರಕಟವಾದ ಒಂದು ಅಧ್ಯಯನದಲ್ಲಿ, ಎಳೆಯ ಕ್ಯಾಪಿಬರಾಗಳಿಗೆ ವಿಟಮಿನ್ ‘ಸಿ’ ಇಲ್ಲದ ಗುಳಿಗೆ ಮೇವನ್ನು ಕೊಟ್ಟು, ಹೋಲಿಕೆಗಾಗಿ ಇಟ್ಟುಕೊಂಡ ಇನ್ನೊಂದು ಗುಂಪಿಗೆ ಮೇವಿನೊಂದಿಗೆ ಪ್ರತಿ ಪ್ರಾಣಿಗೆ ದಿನಕ್ಕೆ 1 ಗ್ರಾಂ ವಿಟಮಿನ್ ‘ಸಿ’ ಕೊಡಲಾಯಿತು. ವಿಟಮಿನ್ ಸಿಗದ ಎಲ್ಲ ಪ್ರಾಣಿಗಳಲ್ಲೂ 25ರಿಂದ 104 ದಿನಗಳೊಳಗೆ ರೋಗಲಕ್ಷಣಗಳು ಕಾಣಿಸಿಕೊಂಡವು: ಒಸಡುಗಳು ಉರಿಯೂತದಿಂದ ಬಾತುಕೊಂಡವು, ಬಾಚಿಹಲ್ಲುಗಳು ಮುರಿದವು, ಬೆಳವಣಿಗೆ ತೀರ ಕುಂಠಿತವಾಯಿತು, ಒಂದು ಪ್ರಾಣಿ ಸತ್ತಿತು. ನಿಮ್ಮ ಪ್ರಶ್ನೆಗೆ ನೇರವಾಗಿ ಸಂಬಂಧಿಸಿದ ಭಾಗ ಇದರ ಮುಂದಿನದು. ಸೆರೆಯಲ್ಲಿದ್ದ ಮತ್ತೊಂದು ಹಿಂಡಿನಲ್ಲಿ ಮೇವಿನ ವಿಟಮಿನ್ ‘ಸಿ’ ಅಂಶ ಇಳಿದಾಗ ಸಂತಾನೋತ್ಪತ್ತಿಗೆ ತೀವ್ರ ಪೆಟ್ಟು ಬಿತ್ತು, ಮತ್ತು ಆ ಪೆಟ್ಟು ಹೆಚ್ಚಾಗಿ ತಗುಲಿದ್ದು ಗರ್ಭಧಾರಣೆಯ ಮೊದಲ ಹಂತಗಳಿಗೆ.

ಮೊದಲ ಹಂತಗಳಿಗೇ ಏಕೆ ಎಂಬುದನ್ನು ಸ್ವಲ್ಪ ವಿವರವಾಗಿ ಹೇಳುತ್ತೇನೆ, ಏಕೆಂದರೆ ಪಾಲಕರು ಮೋಸಹೋಗುವುದು ಇಲ್ಲಿಯೇ. ದೇಹದ ಅಂಗಾಂಶಗಳನ್ನು ಹಿಡಿದು ನಿಲ್ಲಿಸುವ ಕೊಲಾಜನ್ ಎಂಬ ನಾರಿನಂಥ ಪ್ರೋಟೀನು ಗಟ್ಟಿಯಾಗಿ ಹೆಣೆದುಕೊಳ್ಳಬೇಕಾದರೆ ವಿಟಮಿನ್ ‘ಸಿ’ ಬೇಕು. ಅದಿಲ್ಲದಿದ್ದರೆ ಸೂಕ್ಷ್ಮ ರಕ್ತನಾಳಗಳ ಗೋಡೆಗಳು ದುರ್ಬಲವಾಗುತ್ತವೆ. ಸ್ಕರ್ವಿಯಲ್ಲಿ ಒಸಡಿನಿಂದ ರಕ್ತ ಒಸರುವುದಕ್ಕೆ ಕಾರಣ ಇದೇ. ಗರ್ಭಕೋಶದ ಗೋಡೆಗೆ ಭ್ರೂಣ ಅಂಟಿಕೊಂಡು, ಮಾಸು ರೂಪುಗೊಳ್ಳುವ ವಾರಗಳಲ್ಲಿ ಹೊಸ ರಕ್ತನಾಳಗಳು ಬಹಳ ವೇಗವಾಗಿ ಹುಟ್ಟಬೇಕಾಗುತ್ತದೆ, ಹಾಗಾಗಿ ಒಸಡಿನಲ್ಲಿ ಕಾಣುವ ದೌರ್ಬಲ್ಯ ಅಲ್ಲಿ ಇನ್ನಷ್ಟು ಬೇಗ ಫಲವನ್ನು ಕೆಡಿಸುತ್ತದೆ. ಇದಲ್ಲದೆ, ಅಂಡ ಬಿಡುಗಡೆಯಾದ ಮೇಲೆ ಅಂಡಾಶಯದಲ್ಲಿ ಉಳಿಯುವ ಪೀತಪಿಂಡವು ಇಡೀ ದೇಹದಲ್ಲಿ ವಿಟಮಿನ್ ‘ಸಿ’ ಅತಿ ಹೆಚ್ಚು ಸಂಗ್ರಹವಾಗುವ ಅಂಗಾಂಶಗಳಲ್ಲಿ ಒಂದು. ಗಬ್ಬವನ್ನು ಉಳಿಸುವ ಪ್ರೊಜೆಸ್ಟೆರಾನ್ ಎಂಬ ಹಾರ್ಮೋನು ಸ್ರವಿಸುವುದೂ ಅಲ್ಲಿಂದಲೇ.

ಕ್ಯಾಪಿಬರಾದ ಬೆದೆಯ ಚಕ್ರ ಸುಮಾರು ಏಳೂವರೆ ದಿನಗಳಷ್ಟು ಚಿಕ್ಕದು, ಗಬ್ಬದ ಅವಧಿಯಾದರೋ ಸುಮಾರು 150 ದಿನ. ಮೊದಲ ಕೆಲವು ವಾರಗಳಲ್ಲಿ ಭ್ರೂಣ ನಷ್ಟವಾದರೆ ಹೆಣ್ಣು ಮತ್ತೆ ಬೆದೆಗೆ ಬರುತ್ತದೆ, ಗಂಡು ಮತ್ತೆ ನೀರಿನಲ್ಲಿ ಅದನ್ನು ಹಿಂಬಾಲಿಸುತ್ತದೆ, ನೋಡುವವರಿಗೆ ಎಲ್ಲವೂ ಸರಿಯಾಗಿಯೇ ನಡೆಯುತ್ತಿರುವಂತೆ ತೋರುತ್ತದೆ. ಗರ್ಭಪಾತವಾಗಿ ದೊಡ್ಡ ಭ್ರೂಣ ಹೊರಬಿದ್ದರೆ ಕಣ್ಣಿಗೆ ಬೀಳುತ್ತದೆ. ಚಿಕ್ಕದಾದರೆ ಕೊಳದ ನೀರಿನಲ್ಲಿ ಕುರುಹೂ ಉಳಿಯುವುದಿಲ್ಲ. ನೀವು ಕಂಡ ಆ ಒಂದು ರಕ್ತದ ಕಲೆಯನ್ನು ನಾನು ಹಗುರವಾಗಿ ತೆಗೆದುಕೊಳ್ಳದಿರುವುದು ಈ ಕಾರಣಕ್ಕಾಗಿ.

ಕಾಡಿನಲ್ಲಿ ಈ ಕೊರತೆ ಏಕೆ ಬರುವುದಿಲ್ಲ ಎಂದು ನೀವು ಕೇಳಬಹುದು. ಉತ್ತರ ಕ್ಯಾಪಿಬರಾ ಎಂಬ ಹೆಸರಿನಲ್ಲೇ ಇದೆ. ಬ್ರೆಜಿಲ್‌ನ ತೂಪಿ ಭಾಷೆಯಿಂದ ಬಂದ ಈ ಪದಕ್ಕೆ ಹುಲ್ಲು ತಿನ್ನುವುದು ಎಂಬ ಅರ್ಥವಿದೆ. ವಯಸ್ಕ ಪ್ರಾಣಿ ದಿನಕ್ಕೆ ಸುಮಾರು ಮೂರು ಕಿಲೋ ಹಸಿ ಹುಲ್ಲನ್ನು ಮೇಯುತ್ತದೆ, ಅದರಲ್ಲೂ ನೀರಿನಂಚಿನಲ್ಲಿ ಬೆಳೆಯುವ ಕೆಲವೇ ಜಾತಿಯ ಎಳೆಯ ಹುಲ್ಲುಗಳನ್ನು ಆಯ್ದು ತಿನ್ನುತ್ತದೆ. ಹಸಿರು ಎಲೆಯಲ್ಲಿ ವಿಟಮಿನ್ ‘ಸಿ’ ಸಹಜವಾಗಿಯೇ ಇರುತ್ತದೆ, ಆದ್ದರಿಂದ ಅದನ್ನು ದೇಹದಲ್ಲಿ ತಯಾರಿಸಿಕೊಳ್ಳುವ ಶಕ್ತಿ ಇಲ್ಲದಿದ್ದರೂ ಕಾಡಿನಲ್ಲಿ ಈ ಜೀವಕುಲಕ್ಕೆ ನಷ್ಟವಾಗಲಿಲ್ಲ. ವೆನೆಜುವೆಲಾದ ಯಾನೋಸ್ ಎಂಬ ವಿಶಾಲ ಹುಲ್ಲುಗಾವಲಿನಲ್ಲಿ ವರ್ಷದ ಎಲ್ಲ ತಿಂಗಳಲ್ಲೂ ಮರಿಗಳು ಹುಟ್ಟುತ್ತವೆಯಾದರೂ, ಏಪ್ರಿಲ್–ಮೇ ಹೊತ್ತಿಗೆ ಮಳೆ ಶುರುವಾಗಿ ಹುಲ್ಲು ಚಿಗುರುವಾಗಲೇ ಕೂಡುವಿಕೆ ಏರುತ್ತದೆ. ಐದು ತಿಂಗಳ ಗಬ್ಬವನ್ನು ಕೂಡಿಸಿ ನೋಡಿದರೆ, ತಾಯಿ ತುಂಬು ಗಬ್ಬದಲ್ಲಿರುವಾಗ ಬಯಲು ಪೂರ್ತಿ ಹಸಿರಾಗಿರುತ್ತದೆ. ಬೇಸಗೆಯಲ್ಲಿ ಅದೇ ಹುಲ್ಲು ಒಣಗಿ ಪ್ರೋಟೀನು ಕಡಿಮೆಯಾದಾಗ ಪ್ರಾಣಿಗಳು ಸೊರಗುತ್ತವೆ, ಕೂಡುವಿಕೆಯೂ ಇಳಿಯುತ್ತದೆ. ವರ್ಷವಿಡೀ ಹಸಿ ಮೇವು ಸಿಗುವ ಸಾಕಣೆ ಕೇಂದ್ರಗಳಲ್ಲಿ ಈ ಏರಿಳಿತ ಬಹುಮಟ್ಟಿಗೆ ಮರೆಯಾಗುತ್ತದೆ.

ಹುಲ್ಲನ್ನು ಬಿಸಿಲಿಗೆ ಒಣಗಿಸಿದಾಗ ಅದರ ನಾರು ಉಳಿಯುತ್ತದೆ, ವಿಟಮಿನ್ ‘ಸಿ’ಯ ಬಹುಪಾಲು ನಾಶವಾಗುತ್ತದೆ. ಬ್ರೆಡ್ಡಿನಲ್ಲಿ ಅದು ಇಲ್ಲವೇ ಇಲ್ಲ ಎನ್ನಬಹುದು. ಕ್ಯಾರೆಟ್ ತರಕಾರಿಯಾದ್ದರಿಂದ ಸಾಕಾಗುತ್ತದೆ ಎಂಬ ನಂಬಿಕೆ ಹಲವರಲ್ಲಿದೆ, ಆದರೆ 100 ಗ್ರಾಂ ಕ್ಯಾರೆಟ್ಟಿನಲ್ಲಿರುವುದು ಸುಮಾರು 6 ಮಿಲಿಗ್ರಾಂ ಮಾತ್ರ. ಅಂದರೆ ಒಂದು ಕಿಲೋ ಕ್ಯಾರೆಟ್ ತಿಂದರೂ 60 ಮಿಲಿಗ್ರಾಂ ದಾಟುವುದಿಲ್ಲ. ನಿಮ್ಮ ಹಿಂಡಿನ ಇಡೀ ಆಹಾರಪಟ್ಟಿಯಲ್ಲಿ ಈ ವಿಟಮಿನ್ನಿಗೆ ಹೆಸರಿಸಬಹುದಾದ ಒಂದು ಮೂಲವೂ ನನಗೆ ಕಾಣುತ್ತಿಲ್ಲ.

ಎಷ್ಟು ಕೊಡಬೇಕು ಎಂಬುದಕ್ಕೆ ಗಿನಿಪಿಗ್‌ನ ಲೆಕ್ಕದಿಂದ ಹೊರಡುವುದು ವಾಡಿಕೆ. ಅದಕ್ಕೆ ದೇಹದ ಪ್ರತಿ ಕಿಲೋ ತೂಕಕ್ಕೆ ದಿನಕ್ಕೆ 10 ಮಿಲಿಗ್ರಾಂ, ಗಬ್ಬದಲ್ಲಿ 30 ಮಿಲಿಗ್ರಾಂ ಬೇಕೆಂದು ಹೇಳಲಾಗುತ್ತದೆ. ಇದನ್ನು 50 ಕಿಲೋ ತೂಗುವ ಕ್ಯಾಪಿಬರಾಗೆ ನೇರವಾಗಿ ಗುಣಿಸಿದರೆ 500 ಮಿಲಿಗ್ರಾಂನಿಂದ 1,500 ಮಿಲಿಗ್ರಾಂವರೆಗೆ ಬರುತ್ತದೆ. ಅರ್ಜೆಂಟೀನಾದ ಪ್ರಯೋಗದಲ್ಲಿ ಆರೋಗ್ಯವಾಗಿದ್ದ ಗುಂಪಿಗೆ ಕೊಟ್ಟ 1 ಗ್ರಾಂ ಈ ಎರಡರ ನಡುವೆ ಬೀಳುತ್ತದೆ. ಅದು ಕನಿಷ್ಠ ಅಗತ್ಯದ ಅಳತೆಯಲ್ಲ, ರೋಗ ಬಾರದಂತೆ ಕಾಯ್ದ ಪ್ರಮಾಣ ಎಂಬುದನ್ನು ನೆನಪಿಡಬೇಕು. ಆದರೂ ನಿಮ್ಮಂಥ ಸಂದರ್ಭದಲ್ಲಿ ವಯಸ್ಕ ಪ್ರಾಣಿಗೆ ದಿನಕ್ಕೆ 1 ಗ್ರಾಂ ಎಂಬ ಅಳತೆಯಿಂದಲೇ ಆರಂಭಿಸುವಂತೆ ನಿಮ್ಮ ಪಶುವೈದ್ಯರೊಂದಿಗೆ ಮಾತನಾಡಿ. ನೀರಿನಲ್ಲಿ ಕರಗುವ ಈ ವಿಟಮಿನ್ ಸ್ವಲ್ಪ ಹೆಚ್ಚಾದರೆ ಮೂತ್ರದಲ್ಲಿ ಹೊರಹೋಗುತ್ತದೆ.

ಕೊಡುವ ಬಗೆಯೂ ಮುಖ್ಯವೇ. ಕುಡಿಯುವ ನೀರಿಗೆ ಬೆರೆಸಬೇಡಿ, ಏಕೆಂದರೆ ಬೆಳಕಿಗೆ, ಗಾಳಿಗೆ, ಲೋಹದ ಪಾತ್ರೆಗೆ ಸೋಕಿ ಅದು ಬೇಗ ಕೆಡುತ್ತದೆ, ಮೇಲಾಗಿ ಕ್ಯಾಪಿಬರಾ ತಾನು ಮುಳುಗಿ ಏಳುವ ಕೊಳದ ನೀರನ್ನೇ ಕುಡಿಯುತ್ತದೆ. ಗಿನಿಪಿಗ್‌ಗೆಂದು ವಿಟಮಿನ್ ‘ಸಿ’ ಸೇರಿಸಿ ತಯಾರಿಸಿದ ಗುಳಿಗೆ ಮೇವನ್ನು ತರಿಸುವುದು ಒಳ್ಳೆಯ ದಾರಿ, ಆದರೆ ಚೀಲದ ಮೇಲಿನ ತಯಾರಿಕೆಯ ದಿನಾಂಕವನ್ನು ನೋಡಿಯೇ ಕೊಳ್ಳಿ. ಸಾಧಾರಣ ಗುಳಿಗೆಯಲ್ಲಿ ಮೂರು ತಿಂಗಳು ಕಳೆಯುವಷ್ಟರಲ್ಲಿ ಈ ಅಂಶ ಬಹಳ ಕುಗ್ಗಿರುತ್ತದೆ, ಬಿಸಿಯಾದ ಉಗ್ರಾಣದಲ್ಲಿ ಅದಕ್ಕೂ ಮೊದಲೇ. ಮಾತ್ರೆಯನ್ನು ಸೀಬೆಹಣ್ಣಿನ ಹೋಳಿನಲ್ಲಿ ಸಿಕ್ಕಿಸಿ ಒಂದೊಂದು ಪ್ರಾಣಿಗೂ ಕೈಯಾರೆ ಕೊಟ್ಟರೆ ಯಾವುದಕ್ಕೆ ಸಿಕ್ಕಿತು, ಯಾವುದಕ್ಕೆ ಸಿಗಲಿಲ್ಲ ಎಂಬುದು ನಿಮಗೇ ತಿಳಿಯುತ್ತದೆ. ಸೀಬೆಹಣ್ಣಿನಲ್ಲೂ 100 ಗ್ರಾಂಗೆ 200 ಮಿಲಿಗ್ರಾಂ ಮೀರಿದ ವಿಟಮಿನ್ ‘ಸಿ’ ಇದೆ. ಎಲ್ಲ ವಿಟಮಿನ್‌ಗಳೂ ಬೆರೆತ ಟಾನಿಕ್ಕುಗಳನ್ನು ಮಾತ್ರ ದಯವಿಟ್ಟು ಸುರಿಯಬೇಡಿ. ಅವುಗಳಲ್ಲಿರುವ ‘ಎ’ ಮತ್ತು ‘ಡಿ’ ವಿಟಮಿನ್‌ಗಳು ದೇಹದಲ್ಲಿ ಶೇಖರವಾಗಿ ವಿಷವಾಗಬಲ್ಲವು: ‘ಎ’ ಅತಿಯಾದರೆ ಗರ್ಭದಲ್ಲಿರುವ ಮರಿಗಳು ವಿರೂಪಗೊಳ್ಳಬಹುದು, ‘ಡಿ’ ಅತಿಯಾದರೆ ಮೆದು ಅಂಗಾಂಶಗಳಲ್ಲಿ ಸುಣ್ಣ ಕಟ್ಟಬಹುದು. ಗಬ್ಬ ನಿಲ್ಲಲೆಂದು ಕೊಟ್ಟ ಔಷಧಿಯೇ ಗಬ್ಬವನ್ನು ಕೆಡಿಸಬಾರದು.

ವಿಟಮಿನ್ ಒಂದನ್ನು ಸರಿಪಡಿಸಿ, ಉಳಿದ ಮೇವನ್ನು ಹಾಗೆಯೇ ಬಿಟ್ಟರೆ ಅರ್ಧ ಕೆಲಸ ಮಾಡಿದಂತೆ. ಕ್ಯಾಪಿಬರಾದ ಹೊಟ್ಟೆಯಲ್ಲಿ ಹುಲ್ಲನ್ನು ಹುದುಗಿಸುವ ಕೆಲಸ ನಡೆಯುವುದು ಸೀಕಮ್ ಎಂಬ ಬೃಹತ್ತಾದ ಕುರುಡುಗರುಳಿನಲ್ಲಿ. ಅಲ್ಲಿಯ ಸೂಕ್ಷ್ಮಜೀವಿಗಳು ನಾರನ್ನು ಒಡೆದು ಶಕ್ತಿಯನ್ನು ಕೊಡುತ್ತವೆ, ಪ್ರೋಟೀನನ್ನೂ ‘ಬಿ’ ಗುಂಪಿನ ವಿಟಮಿನ್‌ಗಳನ್ನೂ ತಯಾರಿಸುತ್ತವೆ. ಆದರೆ ಆ ಕರುಳು ಜೀರ್ಣಾಂಗದ ಹಿಂತುದಿಯಲ್ಲಿ ಇರುವುದರಿಂದ, ಅಲ್ಲಿ ತಯಾರಾದ ಪೋಷಕಾಂಶಗಳನ್ನು ಮತ್ತೆ ಪಡೆಯಲು ಪ್ರಾಣಿ ತನ್ನ ಮೆದುವಾದ ಮಲವನ್ನು ಹೆಚ್ಚಾಗಿ ಬೆಳಗಿನ ಹೊತ್ತು ತಿನ್ನುತ್ತದೆ. ಹೊಸ ಪಾಲಕರು ಇದನ್ನು ಕಂಡು ಹೇಸಿಕೊಂಡು ಬೆಳಗಾಗುತ್ತಲೇ ಆವರಣವನ್ನು ತೊಳೆಯಲು ಹೊರಡುತ್ತಾರೆ. ಹಾಗೆ ಪ್ರಾಣಿಗಳ ನೆಮ್ಮದಿ ಕೆಡಿಸಬಾರದು, ಇದು ಅವುಗಳ ಪೋಷಣೆಯ ಒಂದು ಭಾಗ. ಬ್ರೆಡ್ಡು, ಧಾನ್ಯ, ಸಿಹಿ ಹಣ್ಣುಗಳು ಹೆಚ್ಚಾದಾಗ ಪಿಷ್ಟ ಮತ್ತು ಸಕ್ಕರೆ ಆ ಕರುಳಿಗೆ ಇಳಿದು ಹುದುಗುವಿಕೆಯ ಸಮತೋಲ ತಪ್ಪುತ್ತದೆ. ಜೊತೆಗೆ ಇವುಗಳ ಹಲ್ಲುಗಳು ಬದುಕಿರುವವರೆಗೂ ಬೆಳೆಯುತ್ತವೆ. ಒರಟು ಹುಲ್ಲನ್ನು ಗಂಟೆಗಟ್ಟಲೆ ಅಗಿಯದಿದ್ದರೆ ಅವು ಸವೆಯದೆ ಡೊಂಕಾಗುತ್ತವೆ, ಪ್ರಾಣಿ ಮೇವು ಬಿಡುತ್ತದೆ, ಮೇವು ಬಿಟ್ಟ ಹೆಣ್ಣು ಗಬ್ಬ ಹೊರಲಾರದು. ಆದ್ದರಿಂದ ಬ್ರೆಡ್ಡನ್ನು ಪೂರ್ತಿಯಾಗಿ ನಿಲ್ಲಿಸಿ, ಆಹಾರದ ಮುಖ್ಯ ಭಾಗ ಹಸಿ ಹುಲ್ಲಾಗುವಂತೆ ನೋಡಿಕೊಳ್ಳಿ. ಬ್ರೆಜಿಲ್‌ನ ಸಾಕಣೆದಾರರು ಕೊಯ್ದು ಹಾಕುವುದು ನಮ್ಮ ಊರುಗಳ ಹೈನುಗಾರರು ಬೆಳೆಯುವ ನೇಪಿಯರ್ ಹುಲ್ಲನ್ನೇ. ನಿಮ್ಮಲ್ಲಿ ಚಳಿಗಾಲದಲ್ಲಿ ಹಸಿರು ಸಿಗದಿದ್ದರೆ ಒಳ್ಳೆಯ ಒಣಹುಲ್ಲಿನೊಂದಿಗೆ ಸೊಪ್ಪು ಮತ್ತು ದಪ್ಪ ಮೆಣಸಿನಕಾಯಿಯನ್ನು ಕೊಡಿ, ಮಾತ್ರೆಯನ್ನು ಒಂದು ದಿನವೂ ತಪ್ಪಿಸಬೇಡಿ.

ದೇಹದ ತೂಕದ ವಿಚಾರದಲ್ಲಿ ಎರಡೂ ಅತಿಗಳು ಕೆಟ್ಟವು. ಹೆಣ್ಣು ಸುಮಾರು 30 ಕಿಲೋ ತಲುಪುವವರೆಗೆ ಸಾಮಾನ್ಯವಾಗಿ ಪ್ರಾಯಕ್ಕೆ ಬರುವುದಿಲ್ಲ. ಕಾಡಿನಲ್ಲಿ ಇದಕ್ಕೆ ಒಂದೂವರೆ ವರ್ಷ ಹಿಡಿಯುತ್ತದೆ, ಸೊರಗಿದ ಮರಿಗೆ ಇನ್ನೂ ತಡವಾಗುತ್ತದೆ. ಇದಕ್ಕೆ ಪ್ರತಿಯಾಗಿ, ಬಿಸ್ಕತ್ತು ಹಣ್ಣು ತಿಂದು ಕುಳಿತಲ್ಲೇ ಕುಳಿತ ಹೆಣ್ಣಿಗೆ ಕೊಬ್ಬು ಬೆಳೆದು ಹೆರಿಗೆ ಕಷ್ಟವಾಗುತ್ತದೆ. ಇವುಗಳ ಬಂಧುವಾದ ಗಿನಿಪಿಗ್‌ನಲ್ಲಿ, ಕೊಬ್ಬಿದ ಹೆಣ್ಣು ತುಂಬು ಗಬ್ಬದಲ್ಲಿ ಎರಡು ದಿನ ಮೇವು ಬಿಟ್ಟರೂ ರಕ್ತದಲ್ಲಿ ವಿಷಾಂಶ ಏರಿ ಸಾಯುವುದು ಪಶುವೈದ್ಯರಿಗೆ ಪರಿಚಿತವಾದ ಸಂಗತಿ. ಕ್ಯಾಪಿಬರಾ ಒಂದು ಸೂಲಿಗೆ ಸರಾಸರಿ ನಾಲ್ಕು ಮರಿಗಳನ್ನು ಹಾಕುತ್ತದೆ, ಒಂದೊಂದು ಮರಿ ಒಂದೂವರೆಯಿಂದ ಎರಡು ಕಿಲೋ ತೂಗುತ್ತದೆ. ಆರರಿಂದ ಎಂಟು ಕಿಲೋ ಮರಿಗಳು, ಅವುಗಳ ಮೇಲೆ ಮಾಸು ಮತ್ತು ನೀರು! ಅಷ್ಟು ಭಾರವನ್ನು ಹೊತ್ತ ಗರ್ಭಕೋಶ ಪಕ್ಕದ ಕುರುಡುಗರುಳನ್ನು ಒತ್ತುವುದರಿಂದ ತಾಯಿ ಒಮ್ಮೆಗೆ ತಿನ್ನಬಲ್ಲ ಹುಲ್ಲಿನ ಪ್ರಮಾಣ ಕಡಿಮೆಯಾಗುತ್ತದೆ, ಅಗತ್ಯ ಮಾತ್ರ ಏರುತ್ತಲೇ ಇರುತ್ತದೆ. ಕೊನೆಯ ಒಂದೂವರೆ ತಿಂಗಳಲ್ಲಿ ಎಳೆಯ ಹುಲ್ಲನ್ನು ದಿನಕ್ಕೆ ಮೂರು ನಾಲ್ಕು ಬಾರಿ ಹಂಚಿ ಹಾಕಿ, ಗುಳಿಗೆ ಮೇವನ್ನು ಮೆಲ್ಲಗೆ, ಹತ್ತು ಹದಿನೈದು ದಿನಗಳ ಅವಧಿಯಲ್ಲಿ, ಸ್ವಲ್ಪ ಸ್ವಲ್ಪವೇ ಹೆಚ್ಚಿಸುವುದು ಇದಕ್ಕಾಗಿ. ಒಂದೇ ದಿನದಲ್ಲಿ ಮೇವು ಬದಲಿಸಿದರೆ ಕರುಳಿನ ಸೂಕ್ಷ್ಮಜೀವಿಗಳು ತಡೆಯುವುದಿಲ್ಲ.

ಕುದುರೆ ಮಸಾಲೆ (ಲೂಸರ್ನ್) ಎಂಬ ದ್ವಿದಳ ಮೇವಿನ ಸೊಪ್ಪಿನ ಬಗ್ಗೆ ಒಂದು ಎಚ್ಚರಿಕೆಯ ಮಾತು. ಅದರಲ್ಲಿ ಪ್ರೋಟೀನು ಮತ್ತು ಸುಣ್ಣದ ಅಂಶ ಸಮೃದ್ಧವಾಗಿರುವುದರಿಂದ ಗಬ್ಬದ ಕೊನೆಗೆ ಮತ್ತು ಹಾಲೂಡಿಸುವಾಗ ಸ್ವಲ್ಪ ಕೊಡುವುದು ಒಳ್ಳೆಯದೇ. ಆದರೆ ಅದನ್ನೇ ಮುಖ್ಯ ಮೇವು ಮಾಡಬೇಡಿ. ದ್ವಿದಳ ಮೇವುಗಳ ಕೆಲವು ಬಗೆಗಳಲ್ಲಿ ಹೆಣ್ಣು ಹಾರ್ಮೋನನ್ನು ಹೋಲುವ ಸಸ್ಯಜನ್ಯ ವಸ್ತುಗಳಿರುತ್ತವೆ. ಪಶ್ಚಿಮ ಆಸ್ಟ್ರೇಲಿಯಾದಲ್ಲಿ 1940ರ ದಶಕದಲ್ಲಿ ಒಂದು ಜಾತಿಯ ಕ್ಲೋವರ್ ಮೇವನ್ನೇ ಮೇದ ಕುರಿಗಳ ಹಿಂಡುಗಳು ಗಬ್ಬ ನಿಲ್ಲದೆ ಹೋದದ್ದು ಇಂಥ ವಸ್ತುಗಳಿಂದಲೇ. ಕುದುರೆ ಮಸಾಲೆಗೆ ಎಲೆರೋಗ ತಗುಲಿದಾಗ ಅದರಲ್ಲೂ ಇವು ಏರುತ್ತವೆ. ಬೂಷ್ಟು ಹಿಡಿದ ಮುಸುಕಿನ ಜೋಳವೂ ಅಪಾಯಕಾರಿ, ಅದರಲ್ಲಿ ಬೆಳೆಯುವ ಒಂದು ಶಿಲೀಂಧ್ರದ ವಿಷ ಹಂದಿಗಳ ಬೆದೆಯ ಚಕ್ರವನ್ನು ಕೆಡಿಸುತ್ತದೆ.

ಗಂಡನ್ನೂ ಮರೆಯಬೇಡಿ. ವೀರ್ಯದಲ್ಲಿ ವಿಟಮಿನ್ ‘ಸಿ’ ಸಾಂದ್ರವಾಗಿದ್ದು ವೀರ್ಯಾಣುಗಳನ್ನು ಕಾಯುತ್ತದೆ, ಸ್ಕರ್ವಿಗೆ ಗುರಿಯಾದ ಗಂಡು ಗಿನಿಪಿಗ್‌ಗಳಲ್ಲಿ ವೃಷಣಗಳೇ ಕ್ಷೀಣಿಸುತ್ತವೆ. ಹಾಗಾಗಿ ಹೆಣ್ಣುಗಳಿಗೆ ಕೊಡುವ ಮಾತ್ರೆಯನ್ನು ಅದಕ್ಕೂ ಕೊಡಿ.

ಒಳ್ಳೆಯ ಮೇವು ಆವರಣಕ್ಕೆ ಬಂದಿತೆಂದರೆ ಎಲ್ಲ ಹೊಟ್ಟೆಗಳಿಗೂ ಸೇರಿತು ಎಂದು ತಿಳಿಯಬಾರದು. ಕ್ಯಾಪಿಬರಾ ಗುಂಪಿನಲ್ಲಿ ಮೇಲು ಕೀಳಿನ ಶ್ರೇಣಿ ಇರುತ್ತದೆ. ಒಂದೇ ಗೋದಲಿ ಇಟ್ಟರೆ ಬಲವಾದವು ಅದನ್ನು ಆಕ್ರಮಿಸಿಕೊಂಡು ಕೆಳಗಿನ ಹೆಣ್ಣುಗಳನ್ನು ಓಡಿಸುತ್ತವೆ. ಐದು ಪ್ರಾಣಿಗಳಿಗೆ ಕನಿಷ್ಠ ಆರು ಕಡೆ, ಒಂದಕ್ಕೊಂದು ಕಾಣದಷ್ಟು ದೂರದಲ್ಲಿ ಮೇವು ಹಾಕಿ. ಮೇವಿಗೆ ಸಂಬಂಧವಿಲ್ಲದ ಕಾರಣಗಳೂ ಇವೆ ಎಂಬುದನ್ನು ಪ್ರಾಮಾಣಿಕವಾಗಿ ಹೇಳಬೇಕು. ಇವು ಸಾಮಾನ್ಯವಾಗಿ ಕೂಡುವುದು ನೀರಿನಲ್ಲಿ, ಆದ್ದರಿಂದ ಕೊಳದಲ್ಲಿ ಮುಳುಗಿ ಈಜುವಷ್ಟು ಆಳವಿರಬೇಕು. ಬ್ರೆಜಿಲ್‌ನ ಸಾಕಣೆ ಕೇಂದ್ರಗಳಲ್ಲಿ, ಪರಸ್ಪರ ಪರಿಚಯವಿಲ್ಲದ ಹೆಣ್ಣುಗಳನ್ನು ಒಟ್ಟಿಗೆ ಕೂಡಿಹಾಕಿದಾಗ ಅವು ಒಂದರ ಮರಿಗಳನ್ನು ಇನ್ನೊಂದು ಕೊಲ್ಲುವ ಪ್ರಕರಣಗಳು ದಾಖಲಾಗಿವೆ. ನಿಮ್ಮ ನಾಲ್ಕು ಹೆಣ್ಣುಗಳು ಬೇರೆ ಬೇರೆ ಕಡೆಗಳಿಂದ ಬಂದವುಗಳಾಗಿದ್ದರೆ, ರಾತ್ರಿಯಲ್ಲಿ ಮರಿಗಳು ಹುಟ್ಟಿ ನಿಮ್ಮ ಕಣ್ಣಿಗೆ ಬೀಳುವ ಮೊದಲೇ ಸತ್ತಿರುವ ಸಾಧ್ಯತೆಯನ್ನೂ ಪರಿಶೀಲಿಸಿ, ಆವರಣಕ್ಕೆ ರಾತ್ರಿ ನೋಡಬಲ್ಲ ಕ್ಯಾಮೆರಾ ಹಾಕಿಸಿ.

ಈಗ ಮಾಡಬೇಕಾದ ಕೆಲಸಕ್ಕೆ ಬರುತ್ತೇನೆ. ರಕ್ತದ ಕಲೆ ಕಂಡ ಹೆಣ್ಣಿನಿಂದ ಶುರುಮಾಡಿ. ಪಶುವೈದ್ಯರನ್ನು ಕರೆಸಿ ಅದರ ಒಸಡು ಮತ್ತು ಬಾಚಿಹಲ್ಲುಗಳನ್ನು ನೋಡಿಸಿ, ಕೀಲುಗಳು ಬಾತಿವೆಯೇ, ನಡೆಯುವಾಗ ಕುಂಟುತ್ತದೆಯೇ ಎಂದು ಗಮನಿಸಿ, ಗರ್ಭಕೋಶದಲ್ಲಿ ಸೋಂಕು ಉಳಿದಿದೆಯೇ ಎಂದು ಸ್ಕ್ಯಾನ್ ಮಾಡಿಸಿ. ನಂತರ ಐದೂ ಪ್ರಾಣಿಗಳನ್ನು ತೂಗಿ ಬರೆದಿಟ್ಟುಕೊಳ್ಳಿ. ತೂಕದ ಯಂತ್ರದ ಹಲಗೆಯ ಮೇಲೆ ದಿನವೂ ಸೀಬೆಹಣ್ಣಿನ ಹೋಳು ಇಟ್ಟರೆ ಕೆಲವೇ ವಾರಗಳಲ್ಲಿ ಅವು ತಾವಾಗಿಯೇ ಹತ್ತಿ ನಿಲ್ಲುವುದನ್ನು ಕಲಿಯುತ್ತವೆ, ಹಿಡಿದು ಕಟ್ಟುವ ಕಷ್ಟ ಇರುವುದಿಲ್ಲ. ಕೂಡಿದ ದಿನಾಂಕಗಳನ್ನೂ ಅದೇ ಪುಸ್ತಕದಲ್ಲಿ ಬರೆಯಿರಿ. ಒಂದು ಹೆಣ್ಣು ಮೂರು ವಾರ ಬೆದೆಗೆ ಬಾರದಿದ್ದು, ನಾಲ್ಕನೆಯ ವಾರದಲ್ಲಿ ಮತ್ತೆ ಬಂದರೆ, ಅದು ಗಬ್ಬ ಕಟ್ಟಿ ಕಳೆದುಕೊಂಡಿರಬಹುದು ಎಂಬುದಕ್ಕೆ ಆ ಪುಟವೇ ಸಾಕ್ಷಿಯಾಗುತ್ತದೆ.

ಮೇವು ಬದಲಾದ ಮೇಲೆ ತಾಳ್ಮೆ ಬೇಕು. ಒಸಡುಗಳು ಕೆಲವು ವಾರಗಳಲ್ಲಿ ಚೇತರಿಸಿಕೊಳ್ಳುತ್ತವೆ, ಮುರಿದ ಹಲ್ಲು ಮತ್ತೆ ಬೆಳೆಯುತ್ತದೆ. ಆದರೆ ದೇಹ ಸುಧಾರಿಸಲು ಎರಡು ಮೂರು ತಿಂಗಳು, ಆಮೇಲೆ ಗಬ್ಬಕ್ಕೆ ಐದು ತಿಂಗಳು ಎಂದು ಲೆಕ್ಕ ಹಾಕಿದರೆ, ಎಂಟು ತಿಂಗಳಿಗೆ ಮೊದಲು ಮೇವು ಫಲಿಸಲಿಲ್ಲ ಎಂದು ತೀರ್ಮಾನಿಸಬೇಡಿ, ಗಂಡನ್ನು ಬದಲಿಸಲೂ ಹೋಗಬೇಡಿ. ಮರಿಗಳು ಹುಟ್ಟಿದರೆ ವಾರದೊಳಗೇ ಅವು ತಾಯಿಯ ಪಕ್ಕದಲ್ಲಿ ನಿಂತು ಹುಲ್ಲು ಕಚ್ಚತೊಡಗುತ್ತವೆ. ಹಾಲು ಬಿಡಲು ಮೂರು ನಾಲ್ಕು ತಿಂಗಳು ಬೇಕಾದರೂ, ಎಳೆಯ ಹಸಿ ಹುಲ್ಲನ್ನು ಆ ಮೊದಲ ವಾರದಿಂದಲೇ ಅವುಗಳ ಬಾಯಿಗೆ ಎಟುಕುವಂತೆ ನೆಲದ ಮೇಲೆ ಹರಡಿಡಿ.